ನಲವತ್ತೇಳನೇ ರೈತನ ಉಳಿಕಿ

ಲೆಕ್ಕಕ್ಕ ಎರಡು ಉತ್ತರ ಇರಂಗಿಲ್ಲ ಅಂತ ನಮಗ ಸಾಲ್ಯಾಗ ಹೇಳಿಕೊಟ್ಟಿದ್ರು. ಪಾಪ, ಆ ಮಾಸ್ತರು ಎರಡು ಕಂಪ್ಯೂಟರ್ ಬಾಜೂ ಬಾಜೂ ಇಟ್ಟು ನೋಡಿದವರಲ್ಲ. ನಾ ಇಪ್ಪತ್ತೆರಡು ವರ್ಷದಿಂದ ನೋಡ್ಲಾಕತ್ತೀನಿ. ವರ್ಷಕ್ಕೊಮ್ಮೆ ಆದ್ರೂ ಇಂಥಾದೊಂದು ಆಗೇ ಆಗ್ತದ, ಆದಾಗೊಮ್ಮೆ ನಡುವ ನಾನೇ ಸಿಕ್ಕೊಂಡಿರ್ತೀನಿ.

ನಾ ಕಲಬುರಗಿಯ ಒಂದು ಕಾಲೇಜಿನ್ಯಾಗ ಸಂಖ್ಯಾಶಾಸ್ತ್ರ ಕಲಸ್ತೀನಿ. ಊರಾಗ ಯಾರದರೇ ಪಿಎಚ್‌ಡಿ ಅಂಕಿಗಳು ತಕರಾರು ಮಾಡಿದ್ರ, ಅವರು ಫೈಲ್ ಬಗಲಾಗ ಹಿಡಕೊಂಡು ಖೂಬಾ ಪ್ಲಾಟಿನ ನಮ್ಮ ಮನಿ ಬಾಗಿಲು ಬಡೀತಾರ. ಚಹಾ ಕೊಡ್ತೀನಿ, ಬೈತೀನಿ, ಲೆಕ್ಕ ಮಾಡಿ ಕೊಡ್ತೀನಿ. ಈ ಮೂರರಾಗ ಚಹಾದ ಬಗ್ಗೆ ಮಾತ್ರ ಇಲ್ಲೀತನಕ ಯಾರೂ ತಕರಾರು ತಗದಿಲ್ಲ.

ಕೊತ್ತಂಬರಿ

ನನ್ನ ಕೆಲಸ ಏನು ಅಂತ ನಮ್ಮ ಯಜಮಾನರಿಗೆ ತಿಳಿಲಿಕ್ಕ ಮದುವ್ಯಾಗಿ ಹದಿನೆಂಟು ವರ್ಷ ಬೇಕಾತು. ಅವರು ಹೈಸ್ಕೂಲಿನ್ಯಾಗ ಇತಿಹಾಸ ಕಲಸ್ತಾರ. ಒಂದಿನ ರೊಟ್ಟಿ ತಿನ್ನುವಾಗ, ಈ ಲಾಜಿಸ್ಟಿಕ್ ರಿಗ್ರೆಶನ್ ಅಂದ್ರ ಏನು, ರೆಸಿಡ್ಯುಯಲ್ ಅಂದ್ರ ಏನು, ದಿನಾ ಫೋನಿನ್ಯಾಗ ಅದನ್ನೇ ಒದರ್ತಿ ಅಂತ ಕೇಳಿದ್ರು.

ನಾ ಸಾವಕಾಶ ಹೇಳ್ದೆ. ಹೌದು, ಇಲ್ಲ ಅಂತ ಎರಡೇ ಉತ್ತರ ಇರೋ ಪ್ರಶ್ನಾ ತೊಗೋರಿ. ಉತ್ತರ ಹೌದು ಆಗೋ ಸಾಧ್ಯತೆ ಎಷ್ಟು ಅಂತ ಮೊದಲೇ ಹೇಳೋದು ಲಾಜಿಸ್ಟಿಕ್ ರಿಗ್ರೆಶನ್. ಈಗ ನೀವು ಸಂಜಿಮುಂದ ಸಾಲಿಂದ ಬರುವಾಗ ಕೊತ್ತಂಬರಿ ತರ್ತೀರೋ ಇಲ್ಲೋ ಅಂತ ನಾ ಲೆಕ್ಕ ಹಾಕ್ತೀನಿ. ನಿಮ್ಮ ವಯಸ್ಸು, ನಿಮ್ಮ ನೆನಪು, ದಾರ್ಯಾಗ ಸಿಗೋ ನಿಮ್ಮ ದೋಸ್ತರು, ಎಲ್ಲಾ ಹಿಡದ್ರ ತರೋ ಸಾಧ್ಯತೆ ನೂರಕ್ಕ ಐದು. ಇಷ್ಟಾಗಿನೂ ಒಂದಿನ ನೀವು ಕೊತ್ತಂಬರಿ ಹಿಡಕೊಂಡು ಬಂದು ನಿಂತ್ರಿ ಅಂದ್ರ, ನಾ ಹೇಳಿದ್ದಕ್ಕೂ ನೀವು ಮಾಡಿದ್ದಕ್ಕೂ ಬಾಳ ಅಂತರ ಬಿತ್ತು. ಆ ಅಂತರಕ್ಕ ರೆಸಿಡ್ಯುಯಲ್ ಅಂತಾರ, ನಮ್ಮ ಮಾತಿನ್ಯಾಗ ಉಳಿಕಿ. ಉಳಿಕಿ ಸಣ್ಣದಿದ್ದಷ್ಟೂ ಲೆಕ್ಕ ಛಲೋ.

ಯಜಮಾನರು ಬಾಯಾಗಿನ ತುತ್ತು ಪೂರಾ ನುಂಗಿ, ನೀರು ಕುಡದು, ಯೋಚನಿ ಮಾಡಿದ್ರು.

"ಹಂಗಾದ್ರ ನಾ ಕೊತ್ತಂಬರಿ ತರದೇ ಇರೋದ ನಿನ್ನ ಲೆಕ್ಕಕ್ಕ ಛಲೋ ಆತಲ್ಲ. ನಿನ್ನ ಸಲುವಾಗಿ ಇಷ್ಟು ವರ್ಷದಿಂದ ಅದನ್ನೇ ಮಾಡ್ಲಾಕತ್ತೀನಿ" ಅಂದ್ರು.

ಕುಂಕುಮ ಹಚ್ಚಿದ ಕಂಪ್ಯೂಟರ್

ಈಗ ಹೇಳೋದೆಲ್ಲಾ ಒಬ್ಬ ಹುಡುಗಿ ಸಲುವಾಗಿ ಆದ ಹಕೀಕತ್ತು. ಹುಡುಗಿ ಕಮಲಾಪುರದಾಕಿ. ಒಂದು ಕಾಲೇಜಿನ್ಯಾಗ ಅತಿಥಿ ಉಪನ್ಯಾಸಕಿ. ಕಮಲಾಪುರದ ಕೆಂಪು ಬಾಳಿ ಯಾರು ಇನ್ನೂ ಬೆಳೀತಾರ, ಯಾರು ಬಿಟ್ಟಾರ, ಯಾಕ ಬಿಟ್ಟಾರ ಅಂತ ಏಳು ವರ್ಷದಿಂದ ಪಿಎಚ್‌ಡಿ ಮಾಡ್ಲಾಕತ್ತಿದ್ಳು. ಊರೂರು ತಿರುಗಿ, ಮನಿಮನಿ ಹೊಕ್ಕು, ಫಾರ್ಮ್ ತುಂಬಿಸಿಕೊಂಡು ಬಂದಿದ್ಳು. ಅವಧಿ ಎರಡು ಸಲ ಮುಂದ ಹಾಕಿದ್ರು. ಈ ಸಲ ಮೌಖಿಕ ಪರೀಕ್ಷಾ ಆಗಲಿಲ್ಲಂದ್ರ ನೋಂದಣಿನೇ ರದ್ದು, ಏಳು ವರ್ಷ ನೀರಾಗ ಹೋಮ.

ಆಕಿ ಗೈಡ್ ಸಾಹೇಬರು ನಮ್ಮೂರಿನ ಬ್ರಹ್ಮಪುರ ಓಣ್ಯಾಗ ಇರ್ತಾರ. ಬಂಗಾರದಂಥಾ ಮನುಷ್ಯ, ಆದ್ರ ಒಂದು ಹಠ. ಅವರ ಕಂಪ್ಯೂಟರಿನ್ಯಾಗ ಇರೋ ಲೆಕ್ಕದ ಸಾಫ್ಟ್‌ವೇರ್ ಬದಲಿ ಆಗಬಾರದು. ಹೊಸ ವರ್ಷನ್ ಬಂದದ, ಹಾಕ್ಲೇನು ಅಂತ ದಿನಾ ಮುಂಜಾನೆ ಪರದಿ ಮ್ಯಾಲ ಒಂದು ಚೌಕಟ್ಟು ಬರ್ತದ. ಇವರು ದಿನಾ ಮುಂಜಾನೆ 'ಆಮ್ಯಾಲ' ಅಂತ ಒತ್ತತಾರ. ಒಂಬತ್ತು ವರ್ಷದಿಂದ ಒತ್ತ್ಯಾರ. ಮಹಾನವಮಿಗೆ ಪೂಜಿ ಮಾಡಿ ಹಚ್ಚಿದ ಕುಂಕುಮ ಅದರ ಹಣೀಮ್ಯಾಲ ಒಂದರ ಮ್ಯಾಲ ಒಂದು ಕೂತು ಗಟ್ಟಿಯಾಗ್ಯದ.

ಆ ಕಂಪ್ಯೂಟರಿನ್ಯಾಗ ಹುಡುಗಿ ಲೆಕ್ಕ ಮಾಡಿದ್ಳು. ನಲವತ್ತೇಳನೇ ನಂಬರಿನ ರೈತನ ಉಳಿಕಿ ನಾಲ್ಕು ಪಾಯಿಂಟ್ ಮೂರು ಆರು ಬಂತು. ಎರಡು ದಾಟಿದ್ರ ದೊಡ್ಡದು ಅಂತೀವಿ, ಇದು ನಾಲ್ಕು ದಾಟಿತ್ತು. ಹೊಲ ಸಣ್ಣದು, ನೀರು ಕಡಿಮಿ, ವಯಸ್ಸು ಅರವತ್ತರ ಮ್ಯಾಲ, ಇಂಥವ ಕೆಂಪು ಬಾಳಿ ಬೆಳೆಯೋ ಸಾಧ್ಯತೆ ನೂರಕ್ಕ ಐದು. ಆದ್ರ ಅಂವ ಫಾರ್ಮಿನ್ಯಾಗ "ಬೆಳೀತೀನಿ" ಅಂತ ಬರಸ್ಯಾನ. ಗೈಡ್ ಸಾಹೇಬರು ಹಿಗ್ಗಿ ಹೀರೇಕಾಯಿ ಆದ್ರು. ಮುಖಾನೇ ನೋಡಿರದ ಆ ರೈತನ ಮ್ಯಾಲ 'ಛಲಗಾರ ಬೆಳೆಗಾರ' ಅಂತ ಹನ್ನೊಂದು ಪುಟದ ಅಧ್ಯಾಯ ಬರಸಿದ್ರು.

ಕಡೀಕೊಮ್ಮೆ ಸುಮ್ನ ಪರೀಕ್ಷಾ ಮಾಡಿಸೋಣಂತ ಹುಡುಗಿ ನನ್ನ ಹತ್ರ ಬಂದ್ಳು. ಅದೇ ಸಾಫ್ಟ್‌ವೇರ್, ಅದೇ ಫೈಲು, ನನ್ನ ಲ್ಯಾಪ್‌ಟಾಪಿನ್ಯಾಗ ಹೊಸ ವರ್ಷನ್. ನಲವತ್ತೇಳನೇ ರೈತನ ಉಳಿಕಿ ಒಂದು ಪಾಯಿಂಟ್ ಮೂರು ಒಂದು. ಹನ್ನೊಂದು ಪುಟದ ಛಲಗಾರ ಎಲ್ಲರಂಥವ ಆಗಿಬಿಟ್ಟ.

ಗೈಡ್ ಸಾಹೇಬರು ನನ್ನ ಲ್ಯಾಪ್‌ಟಾಪ್ ತರಸಿಕೊಂಡು, ತಿರುವಿ ಮುರುವಿ ನೋಡಿ, ಇದಕ್ಕ ಕುಂಕುಮ ಇಲ್ಲಲ್ರಿ ಮೇಡಂ ಅಂದ್ರು. ಚಾಷ್ಟಿ ಅಂತ ತಿಳದೆ. ಅಷ್ಟರಾಗ ಒಳಗಿಂದ ಅವರ ಮನಿಯವರು ಕುಂಕುಮದ ಬಟ್ಟಲ ತಂದೇಬಿಟ್ರು. ಹಚ್ಚಿ, ಕೈ ಮುಗದು, ಮತ್ತ ಲೆಕ್ಕ ಮಾಡಿಸಿದ್ರು. ಮತ್ತ ಒಂದು ಪಾಯಿಂಟ್ ಮೂರು ಒಂದು.

"ಇವತ್ತು ವಾರ ಛಲೋ ಇಲ್ಲ" ಅಂದ್ರು.

ಪಂಕ್ತಿ

ಯಾವುದು ಖರೇ ಅಂತ ಎರಡು ದಿನ ನಾ ಆ ಸಾಫ್ಟ್‌ವೇರಿನ ಪುಸ್ತಕ ಹಿಡಕೊಂಡು ಕುಂತೆ. ಕಡೀಕ ಗಂಟು ಬಿಚ್ಚಿತು. ಹುಡುಗೀನ ಕರದು ಊಟದ ಪಂಕ್ತಿ ಲೆಕ್ಕದಾಗ ಹೇಳ್ದೆ.

ಹಳೇ ವರ್ಷನ್ ಒಬ್ಬೊಬ್ಬರ ಎಲಿ ಮುಂದ ನಿಂತು, ಇಂವ ಉಂಡಾನೋ ಇಲ್ಲೋ ಅಂತ ನೋಡ್ತದ. ಹೊಸ ವರ್ಷನ್ ಹಂಗಲ್ಲ. ಹೊಲ, ನೀರು, ವಯಸ್ಸು ಎಲ್ಲಾ ಚೂರೂ ಫರಕಿಲ್ಲದಂಗ ಒಂದೇ ಇದ್ದವರನ್ನ ಒಂದು ಪಂಕ್ತಿಗೆ ಕೂಡ್ರಸಿ, ಇಡೀ ಪಂಕ್ತಿಗೆ ಕೂಡಿ ಒಂದೇ ಉಳಿಕಿ ಹಾಕ್ತದ. ನಲವತ್ತೇಳನೇ ರೈತನಂಥವರೇ ಇನ್ನ ಐದು ಮಂದಿ ಅದಾರ. ಆ ಐದೂ ಮಂದಿ "ಇಲ್ಲ" ಅಂದಾರ, ಇಂವ ಒಬ್ಬನೇ "ಹೌದು" ಅಂದಾನ. ಒಬ್ಬನ್ನೇ ನೋಡಿದ್ರ ದೊಡ್ಡ ಆಶ್ಚರ್ಯ. ಆರು ಮಂದ್ಯಾಗ ಒಬ್ಬ ಅಂದ್ರ, ಇರ್ತಾನ ಬಿಡು ಒಬ್ಬ, ಅಷ್ಟೇ. ಎರಡೂ ಲೆಕ್ಕ ಬರೋಬ್ಬರಿ ಅದಾವ.

ಹುಡುಗಿಗೆ ತಿಳೀತು. ತಿಳದ ಮ್ಯಾಲ ಅತ್ಳು. ಎರಡೂ ಖರೇ ಇದ್ರ ನಾ ಯಾವುದು ಬರೀಬೇಕ್ರಿ ಮೇಡಂ, ಇದು ಬರದ್ರ ಗೈಡ್ ಸರ್ ಸಿಟ್ಟಾಗ್ತಾರ, ಅದು ಬರದ್ರ ಹೊರಗಿಂದ ಬರೋ ಪರೀಕ್ಷಕರು ಥೀಸಿಸ್ ವಾಪಸ್ ಕಳಸ್ತಾರ ಅಂದ್ಳು. ಆ ಪರೀಕ್ಷಕರು ದೂರದ ಯಾವುದೋ ದೊಡ್ಡ ವಿಶ್ವವಿದ್ಯಾಲಯದವರು. ಮೂಲ ಅಂಕಿಗಳ ಫೈಲ್ ಕಳಸ್ರಿ, ನಾನೇ ಲೆಕ್ಕ ಮಾಡಿ ನೋಡ್ತೀನಿ ಅಂತ ಪತ್ರ ಬರದಿದ್ರು. ಆಕಿ ಬೆನ್ನಮ್ಯಾಲ ಕೈ ಇಟ್ಟು, ಅಂಥಾ ದೊಡ್ಡ ಊರಿನವರ ಹತ್ರ ಹಳೇ ವರ್ಷನ್ ಇರೋ ಸಾಧ್ಯತೆ ನೂರಕ್ಕ ಐದು, ಕಣ್ಣು ಮುಚ್ಚಿ ಒಂದು ಪಾಯಿಂಟ್ ಮೂರು ಒಂದು ಬರಿ ಅಂತ ಧೈರ್ಯ ಹೇಳ್ದೆ. ಈ ಮಾತು ನೆನಪಿಟ್ಕೋರಿ, ಮುಂದ ಇದೇ ನನ್ನ ಕುತ್ತಿಗಿಗೆ ಬಂತು.

ಪಂಕ್ತಿ ವಿಚಾರ ಗೈಡ್ ಸಾಹೇಬರಿಗೂ ಹೇಳ್ದೆ. ಪೂರಾ ಕೇಳಿದ್ರು, ತಲಿ ಅಲ್ಲಾಡಸಿದ್ರು.

"ಎಲ್ಲಾ ತಿಳೀತ್ರಿ ಮೇಡಂ. ಆದ್ರ ಛಲಗಾರನ್ನ ಒಯ್ದು ಪಂಕ್ತ್ಯಾಗ ಕೂಡ್ರಸೋದು ಅಂವಗ ಅವಮಾನ."

ರೋಜಾ ವರ್ಷನ್

ನಮ್ಮೂರಿನ ರೋಜಾ ಓಣ್ಯಾಗ ಥೀಸಿಸ್ ಟೈಪ್ ಮಾಡಿ ಬೈಂಡ್ ಹಾಕಿ ಕೊಡೋ ಒಬ್ಬರು ಭಾಯಿ ಇದ್ದಾರ. ಊರಿನ ಅರ್ಧ ಡಾಕ್ಟರುಗಳು ಅವರ ಅಂಗಡಿಯಿಂದಾನೇ ಹೊರಗ ಬಂದಾರ. ಟೈಪ್ ಮಾಡಿ ಮಾಡಿ ಅವರಿಗೆ ಎಲ್ಲಾ ವಿಷಯದಾಗೂ ಒಂದು ಅಭಿಪ್ರಾಯ ಅದ.

ಹುಡುಗಿ ನಡುವ ಸಿಕ್ಕು ಹೈರಾಣಾಗಿ, ಉಳಿಕಿ ಬರೋ ಜಾಗಾ ಖಾಲಿ ಬಿಟ್ಟು, ಉಳಿದಿದ್ದು ಟೈಪಿಗೆ ಕೊಟ್ಟಿದ್ಳು. ನಂಬರ್ ಆಮ್ಯಾಲ ಹೇಳ್ತೀನ್ರಿ, ಗೈಡ್ ಸರ್ ನಾಲ್ಕು ಪಾಯಿಂಟ್ ಮೂರು ಆರು ಅಂತಾರ, ಮೇಡಂ ಒಂದು ಪಾಯಿಂಟ್ ಮೂರು ಒಂದು ಅಂತಾರ ಅಂತ ಭಾಯಿ ಮುಂದ ದುಃಖ ಹೇಳಿಕೊಂಡಿದ್ಳು. ಭಾಯಿ ಕೆಲಸಕ್ಕ ಬಾಳ ನಿಯತ್ತಿನವರು. ಗಿರಾಕಿ ಪರೇಶಾನ ಆಗಬಾರದು ಅಂತ ಜಾಗಾ ತಾವೇ ತುಂಬಿದ್ರು.

ಮರುದಿನ ಪ್ರತಿ ಗೈಡ್ ಸಾಹೇಬರ ಕೈಗೆ ಬಂತು. ಅದರಾಗ ಎರಡು ಪಾಯಿಂಟ್ ಎಂಟು ಮೂರು ಐದು ಅಂತ ಇತ್ತು. ಅವರು ನಾ ಹಾಕಿಸೀನಿ ಅಂದುಕೊಂಡ್ರು, ನಾ ಅವರು ಹಾಕ್ಯಾರ ಅಂದುಕೊಂಡೆ. ಇಬ್ಬರೂ ಹುಡುಗಿ ಮ್ಯಾಲ ಹರಿಹಾಯ್ದು, ಆಕಿ ಜೋಡಿ ಅಂಗಡಿಗೆ ಹೋದ್ವಿ.

ಭಾಯಿ ಆರಾಮ ಸುಪಾರಿ ಕತ್ತರಸ್ಕೋತ ಹೇಳಿದ್ರು. ಎರಡೂ ಮಂದಿ ದೊಡ್ಡವರು, ಒಬ್ಬರ ಮಾತು ಇಟ್ಟು ಒಬ್ಬರದು ತಗದ್ರ ಇನ್ಸಾಫ್ ಆಗಂಗಿಲ್ಲ, ಅದಕ್ಕ ಎರಡೂ ಕೂಡಿಸಿ ಅರ್ಧಾ ಮಾಡೀನಿ ಅಂದ್ರು.

ಗೈಡ್ ಸಾಹೇಬರು ಸಿಟ್ಟಿಲೆ, ಇದು ಯಾವ ವರ್ಷನ್ನಿನ್ಯಾಗ ಬರ್ತದ ಹೇಳ್ರಿ ಅಂತ ಕೇಳಿದ್ರು.

"ರೋಜಾ ವರ್ಷನ್ ಸಾಬ್" ಅಂದ್ರು ಭಾಯಿ. "ಇದರಾಗ ಇಲ್ಲೀತನಕ ಯಾರದೂ ವಾಪಸ್ ಬಂದಿಲ್ಲ."

ಶಾಲು

ಕಡೀಕ ಗೈಡ್ ಸಾಹೇಬರೇ ದಾರಿ ತಗದ್ರು. ಲೆಕ್ಕ ಬ್ಯಾಡ, ಮನುಷ್ಯನ್ನೇ ನೋಡೋಣ. ಛಲಗಾರನ ಜೋಡಿ ಕೆಂಪು ಬಾಳಿ ತೋಟದಾಗ ನಿಂತು ಒಂದು ಫೋಟೋ ಹೊಡಸಿ ಥೀಸಿಸಿನ್ಯಾಗ ಹಾಕಿದ್ರ ಪರೀಕ್ಷಕರ ಬಾಯಿ ಬಂದ್ ಆಗ್ತದ ಅಂದ್ರು. ಮೂರೂ ಮಂದಿ ಹುಮನಾಬಾದ್ ಬಸ್ ಹತ್ತಿ ಕಮಲಾಪುರಕ್ಕ ಹೊಂಟ್ವಿ. ಸಾಹೇಬರ ಚೀಲದಾಗ ಒಂದು ಹೊಸಾ ಶಾಲು ಇತ್ತು. ಸನ್ಮಾನಕ್ಕಂತ.

ಹುಡುಗಿ ತನ್ನ ಡೈರಿ ನೋಡಿ ನಲವತ್ತೇಳನೇ ಮನಿ ತೋರಿಸಿದ್ಳು. ಆ ರೈತ, ವಯಸ್ಸಾದ ಮುತ್ಯಾ, ಮನಿ ಮುಂದಿನ ಕಟ್ಟಿ ಮ್ಯಾಲ ಕುಂತಿದ್ದ. ಬಾಜೂಕ ಅದೇ ವಯಸ್ಸಿನವರು ಐದು ಮಂದಿ. ನೀರು ಕೊಟ್ಟ, ಕೂಡ್ರಿ ಅಂದ. ಸಾಹೇಬರು ಕೂಡಲಿಲ್ಲ. ನಿಮ್ಮ ತೋಟ ನೋಡಬೇಕ್ರಿ ಅಂದ್ರು.

ಹೊಲದಾಗಿನ ಬಾಳಿ ತಗದು ಬಾಳ ವರ್ಷ ಆತು, ಈಗ ತೊಗರಿ ಹಾಕೀನ್ರಿ ಅಂದ ಮುತ್ಯಾ.

ಸಾಹೇಬರ ಮುಖ ಸಪ್ಪಗಾತು. ಹುಡುಗಿ ಗಾಬರಿಯಾಗಿ, ಮುತ್ಯಾ, ಕೆಂಪು ಬಾಳಿ ಇನ್ನೂ ಬೆಳೀತೀರೇನು ಅಂತ ನಾ ಕೇಳಿದಾಗ ಹೌದು ಅಂದಿದ್ರಲ್ಲ ಅಂದ್ಳು. ಮುತ್ಯಾ ಎದ್ದು ಎಲ್ಲರನ್ನೂ ಹಿತ್ತಲಿಗೆ ಕರಕೊಂಡು ಹೋದ. ಬಚ್ಚಲದ ನೀರು ಹರಿಯೋ ಕಡೆ ಮೂರು ಬಾಳಿ ಗಿಡ ನಿಂತಿದ್ವು. ಒಂದರಾಗ ಕೆಂಪು ಗೊನಿ ಇಳಿಬಿದ್ದಿತ್ತು.

"ಸುಳ್ಳು ಹೇಳಿಲ್ಲವ್ವಾ ತಂಗಿ. ಮನಿ ಹೆಣ್ಣುಮಕ್ಕಳು ಬಂದ್ರ ಉಡಿ ತುಂಬಲಿಕ್ಕ ನಮ್ಮ ಕೆಂಪು ಬಾಳಿನೇ ಬೇಕು. ಮೂರು ಹೆಣ್ಣುಮಕ್ಕಳು, ಮೂರು ಗಿಡ. ಬಿಟ್ಟೀನಿ ಅಂತ ಯಾವ ಬಾಯಿಲೆ ಹೇಳ್ಲಿ?"

ಹುಡುಗಿ ಕಣ್ಣಾಗ ನೀರು ಬಂತು. ಸಾಹೇಬರು ಆ ಗೊನಿ ಮುಟ್ಟಿ ನೋಡಿ, ಛಲಗಾರ ಅಂದ್ರ ಛಲಗಾರನೇ ನೋಡ್ರಿ ಅಂದು, ಮತ್ತ ಕಟ್ಟಿಗೆ ಬಂದು ಎಲ್ಲರ ಮುಂದ ಮುತ್ಯಾಗ ಶಾಲು ಹೊಚ್ಚಿದ್ರು. ಇದು ಯಾಕ ಅಂತ ಕಟ್ಟಿ ಮ್ಯಾಲಿನವರು ಕೇಳಿದ್ರು. ಹಿತ್ತಲದಾಗ ಮೂರು ಕೆಂಪು ಬಾಳಿ ಗಿಡ ಉಳಿಸಿಕೊಂಡಿದ್ದಕ್ಕ ಅಂತ ಹುಡುಗಿ ಹೇಳಿದ್ಳು.

ಆ ಐದೂ ಮಂದಿ ಒಬ್ಬರ ಮುಖ ಒಬ್ಬರು ನೋಡಿದ್ರು. ಹುಡುಗಿ ಡೈರಿ ತಿರುವಿ ನೋಡಿ ನನ್ನ ಕೈ ಗಟ್ಟಿ ಹಿಡದ್ಳು. ಅವರು ಅದೇ ಪಂಕ್ತಿಯ ಐದು ಮಂದಿ. ನೀ ಹೊಲದ್ದು ಕೇಳ್ಲಾಕತ್ತಿ ಅಂತ ತಿಳಕೊಂಡು ನಾವು ಇಲ್ಲ ಅಂತ ಬರಸಿದ್ವಿ ತಂಗಿ ಅಂದ ಒಬ್ಬ.

"ಹಿತ್ತಲದಾಗ ನಮ್ಮ ಐದೂ ಮಂದೀವು ಅದಾವ" ಅಂದ ಇನ್ನೊಬ್ಬ. "ನನ್ನವು ನಾಲ್ಕು. ಸಾಹೇಬ್ರ, ನಮ್ಮ ಶಾಲು ಎಲ್ಲಿ?"

ನೂರಕ್ಕ ಐದು

ಕೊಟ್ಟ ಉತ್ತರ ನಾವು ಕುಂತಲ್ಲೇ ತಿದ್ದೋ ಹಂಗಿಲ್ಲ. ಅದಕ್ಕ ಹುಡುಗಿ ಅಂಕಿ ಇದ್ದಂಗ ಇಟ್ಟು, ಹನ್ನೊಂದು ಪುಟ ತಗದು, ತನ್ನ ಪ್ರಶ್ನಾದಾಗೇ ಕೊರತಿ ಇತ್ತು ಅಂತ ಒಂದು ಪುಟ ಬರದ್ಳು. ಉಳಿಕಿ ಒಂದು ಪಾಯಿಂಟ್ ಮೂರು ಒಂದು ಅಂತ ನಾ ಹೇಳಿದ್ದೇ ಹಾಕಿದ್ಳು. ಗೈಡ್ ಸಾಹೇಬರು ಈ ಸಲ ತಕರಾರು ಮಾಡಲಿಲ್ಲ. ಹುಡುಗಿ ದಾರಿಗೆ ತಮ್ಮ ಹಠ ಅಡ್ಡ ಬರೋದು ಬ್ಯಾಡ ಅಂತ, ಮೌಖಿಕ ಪರೀಕ್ಷಾಕ್ಕ ಎಂಟು ದಿನ ಮೊದಲು ಕಣ್ಣು ಮುಚ್ಚಿ ಆ ಚೌಕಟ್ಟಿನ್ಯಾಗ 'ಹಾಕು' ಅಂತ ಒತ್ತಿಬಿಟ್ರಂತ. ಒಂಬತ್ತು ವರ್ಷದ ವ್ರತ ಮುರೀತು. ಅವತ್ತು ಅವರು ಊಟ ಮಾಡಲಿಲ್ಲ ಅಂತ ಅವರ ಮನಿಯವರು ಹೇಳಿದ್ರು.

ಪರೀಕ್ಷಾ ದಿನ ಮುಂಜಾನೆ ಒಂದು ವಿಚಿತ್ರ ಆತು. ನಮ್ಮ ಯಜಮಾನರು ಅಡ್ಡಾಡಲಿಕ್ಕ ಹೋದವರು, ಯಾರೂ ಹೇಳದೇ, ಕೊತ್ತಂಬರಿ ಸಿವುಡು ಹಿಡಕೊಂಡು ಬಂದ್ರು. ಆಗಲೇ ನನಗ ಎಚ್ಚರಾಗಬೇಕಿತ್ತು.

ಸೆಮಿನಾರ್ ಹಾಲಿನ್ಯಾಗ ಮಂದಿ ತುಂಬಿದ್ರು. ಪರೀಕ್ಷಕರು ಬಾಳ ತಾಳ್ಮಿಯಿಂದ ಒಂದು ತಾಸು ಪ್ರಶ್ನಾ ಕೇಳಿದ್ರು, ಹುಡುಗಿ ಛಲೋತ್ನಾಗಿ ಉತ್ತರ ಕೊಟ್ಳು. ಆಮ್ಯಾಲ ಅವರು ತಮ್ಮ ಲ್ಯಾಪ್‌ಟಾಪ್ ತಗದು, ಕನ್ನಡಕ ಏರಿಸಿ, ನಿಧಾನಕ್ಕ ಕೇಳಿದ್ರು.

"ನಲವತ್ತೇಳನೇ ರೈತನ ರೆಸಿಡ್ಯುಯಲ್ ನೀವು ಒಂದು ಪಾಯಿಂಟ್ ಮೂರು ಒಂದು ಅಂತ ಬರೆದಿದ್ದೀರಿ. ನನಗೆ ನಾಲ್ಕು ಪಾಯಿಂಟ್ ಮೂರು ಆರು ಬರ್ತಾ ಇದೆಯಲ್ಲಮ್ಮ. ಯಾಕೆ?"

ನೂರಕ್ಕ ಐದು ಅಂತ ಎದಿ ತಟ್ಟಿ ಹೇಳಿದ್ದು ನಾನೇ. ಅವರ ಹಿಂದ ಕುಂತಿದ್ದ ನನಗ ಪರದಿ ಮ್ಯಾಲ ವರ್ಷನ್ ನಂಬರ್ ಕಾಣಿಸ್ತು, ಗೈಡ್ ಸಾಹೇಬರು ಮೊನ್ನೆ ತಗದು ಹಾಕಿದ್ದಕ್ಕಿಂತನೂ ಹಳೇದು. ಬಾಜೂಕ ಗೈಡ್ ಸಾಹೇಬರನ್ನ ನೋಡಿದೆ. ಸತ್ತ ಮನಿಗೆ ಬಂದವರಂಗ ಕುಂತಿದ್ರು. ಹುಡುಗಿಯ ಏಳು ವರ್ಷ ನಮ್ಮಿಬ್ಬರ ವರ್ಷನ್ನಿನ್ಯಾಗ ಮುಳುಗಿ ಹೋತಲ್ಲಪ್ಪಾ ಅಂತ ನನಗ ಬಾಳ ಸಂಕಟ ಆತು.

ಹುಡುಗಿ ನಮ್ಮ ಕಡೆ ತಿರುಗಿ ಸುದ್ದಾ ನೋಡಲಿಲ್ಲ.

"ಸರ್, ನಿಮ್ಮ ಕಂಪ್ಯೂಟರ್ ಮನಿಮನಿಗೆ ಹೋಗಿ ಕೇಳ್ತದ್ರಿ. ನನ್ನದು ಆರೂ ಮಂದೀನ ಒಂದೇ ಕಟ್ಟಿ ಮ್ಯಾಲ ಕೂಡ್ರಸಿ ಕೇಳ್ತದ್ರಿ. ಎರಡೂ ಸುಳ್ಳಲ್ರಿ. ಮನಿಮನಿಗೆ ಹೋದಾಗ ನನಗ ಆ ಮುತ್ಯಾ ಒಬ್ಬರೇ ಬ್ಯಾರೆ ಅನಿಸಿದ್ರು. ಕಟ್ಟಿ ಹತ್ರ ನಿಂತಾಗ ಆರೂ ಮಂದಿ ಒಂದೇ ಅಂತ ತಿಳೀತ್ರಿ. ಹೊಲದಾಗೋ ಹಿತ್ತಲದಾಗೋ ಅಂತ ನಾ ಕೇಳಿರಲಿಲ್ಲ. ತಪ್ಪು ಯಾವ ವರ್ಷನ್ನಿಂದೂ ಅಲ್ರಿ, ನಂದು."

ಪರೀಕ್ಷಕರು ಕನ್ನಡಕ ತಗದು ಒರಸ್ಕೊಂಡ್ರು. ಹಿತ್ತಲದಲ್ಲಿ ಎಷ್ಟು ಗಿಡ ಇದ್ದವು ಅಂತ ಕೇಳಿದ್ರು. ಮುತ್ಯಾರವು ಮೂರು ರೀ, ಇನ್ನೊಬ್ಬರವು ನಾಲ್ಕು ಅಂದ್ಳು. ಅವರು ನಕ್ಕರು. ಇಷ್ಟು ವರ್ಷದಲ್ಲಿ ನನಗೂ ಇದನ್ನ ಯಾರೂ ಹೀಗೆ ತಿಳಿಸಿ ಹೇಳಿರಲಿಲ್ಲ, ಎಲ್ಲರೂ ಹೊಸದು ಹಾಕಿಕೊಳ್ಳಿ ಅಂತ ಮಾತ್ರ ಗದರಿಸ್ತಿದ್ರು ಅಂದು, ಎಲ್ಲರ ಮುಂದ ಆಕಿಗೆ ಡಾಕ್ಟರ್ ಅಂತ ಕರದು ಅಭಿನಂದನೆ ಹೇಳಿದ್ರು. ಹುಡುಗಿ ಅವ್ವ ಹಿಂದಿನ ಸಾಲಿನ್ಯಾಗ ಸೆರಗು ಬಾಯಿಗಿಟ್ಟು ಅಳ್ಲಾಕತ್ತಿದ್ಳು. ನಾನೂ ಅತ್ತೆ. ಚಪ್ಪಾಳಿ ಸಪ್ಪಳದಾಗ ಯಾರಿಗೂ ಕೇಳಲಿಲ್ಲ.

ಪರೀಕ್ಷಕರು ಲ್ಯಾಪ್‌ಟಾಪ್ ಮುಚ್ಚಿ, ಮೇಜಿನ ಮ್ಯಾಲ ಇಟ್ಟು, ಚಹಾಕ್ಕ ಎದ್ರು. ಅದರ ಮುಚ್ಚಳದ ಮ್ಯಾಲ, ಬರೋಬ್ಬರಿ ನಡುವ, ವರ್ಷಗಟ್ಟಲೆ ಒಂದರ ಮ್ಯಾಲ ಒಂದು ಕೂತು ಗಟ್ಟಿಯಾದ ಕುಂಕುಮ.

ಗೈಡ್ ಸಾಹೇಬರು ಹತ್ರ ಹೋಗಿ ಅದನ್ನ ನೋಡಿದ್ರು. ಆಮ್ಯಾಲ ನನ್ನ ಕಿವೀ ಹತ್ರ ಬಗ್ಗಿದ್ರು.

"ವಾರ ನೋಡಿ ಹಚ್ಚ್ಯಾರ, ಮೇಡಂ."